ಕಂಪಿಲನ ಆಜ್ಞೆ, ಕುಮಾರರಾಮನ ಬೆಳವಣಿಗೆ

ಕಠೋರನಾದ ತಂದೆ ಮತ್ತು ಅವನಿಂದ ದೂರ ಸರಿದು ತನ್ನದೇ ವ್ಯಕ್ತಿತ್ವವನ್ನು ಕಟ್ಟಿಕೊಳ್ಳುವ ಮಗ ಎಂಬ ವಸ್ತುವನ್ನು ಕನ್ನಡ ವಿಮರ್ಶೆ ಬಹುಮಟ್ಟಿಗೆ ಆಧುನಿಕ ಕಾದಂಬರಿ ಮತ್ತು ನಾಟಕಗಳ ಸೊತ್ತೆಂದೇ ಭಾವಿಸುತ್ತ ಬಂದಿದೆ. ಇಂಗ್ಲಿಷ್ ಶಿಕ್ಷಣ, ಪಟ್ಟಣದ ನೌಕರಿ, ಒಟ್ಟು ಕುಟುಂಬಗಳ ಹಿಸ್ಸೆ ಇವೆಲ್ಲ ಬಂದ ಮೇಲೆಯೇ ಮಗನೊಬ್ಬ ತಂದೆಯ ಮಾತಿಗೆ ಎದುರು ನಿಲ್ಲುವುದು ಸಾಧ್ಯವಾಯಿತು ಎಂಬ ತಿಳಿವಳಿಕೆ ಇದರ ಹಿಂದಿದೆ. ತುಂಗಭದ್ರೆಯ ದಂಡೆಯ ಕಂಪ್ಲಿ, ನದಿಯಾಚೆಯ ಕುಮ್ಮಟದುರ್ಗ ಮತ್ತು ಸಂಡೂರು ಬೆಟ್ಟಸಾಲಿನ ಹೊಸಮಲೆದುರ್ಗ ಈ ಮೂರು ನೆಲೆಗಳ ನಡುವೆ ಬೆಳೆದ, ಕಂಪಿಲಿಯ ಅರಸ ಕಂಪಿಲರಾಯನ ಮಗ ಕುಮಾರರಾಮನ ಕಥೆ ಆ ತಿಳಿವಳಿಕೆಗೆ ಸುಲಭವಾಗಿ ಒಗ್ಗುವುದಿಲ್ಲ. ಇಲ್ಲಿ ತಂದೆ ಮಗನ ತಲೆ ತೆಗೆಯಲು ಆಜ್ಞೆ ಮಾಡುತ್ತಾನೆ. ಮಗ ಎದುರಾಡುವುದಿಲ್ಲ, ದೇಶ ಬಿಟ್ಟು ಓಡುವುದೂ ಇಲ್ಲ. ಆದರೂ ಕಥೆ ಮುಗಿಯುವ ಹೊತ್ತಿಗೆ ಅವನು ತಂದೆಯ ಮನೆಯವನಾಗಿ ಉಳಿದಿರುವುದಿಲ್ಲ. ಎದುರಾಟವೇ ಇಲ್ಲದ ಈ ಅಗಲಿಕೆಯನ್ನು ಕನ್ನಡದ ಕವಿಗಳು ಹೇಗೆ ಸಾಧಿಸಿದರು, ಸಾಧಿಸುವಾಗ ಯಾವ ಪ್ರಶ್ನೆಯನ್ನು ಬದಿಗೆ ಸರಿಸಿದರು ಎಂಬುದು ಈ ಉಪನ್ಯಾಸದ ವಸ್ತು.

ಕಂಪಿಲಿ ರಾಜ್ಯದ ಚರಿತ್ರೆ ಚಿಕ್ಕದು, ಆದರೆ ಬಿರುಸಿನದು. ದೇವಗಿರಿಯ ಸೇವುಣರಿಗೆ ಅಧೀನನಾಗಿದ್ದ ಮುಮ್ಮಡಿ ಸಿಂಗೆಯ ನಾಯಕನು ಈ ಸೀಮೆಯಲ್ಲಿ ನೆಲೆ ಕಂಡುಕೊಂಡನು. ದೇವಗಿರಿ ದೆಹಲಿಯ ವಶವಾದ ಮೇಲೆ ಅವನ ಮಗ ಕಂಪಿಲದೇವನು, ಅಂದರೆ ಕಾವ್ಯಗಳ ಕಂಪಿಲರಾಯನು, ಯಾರಿಗೂ ತಲೆಬಾಗದೆ ಆಳಲು ಹೊರಟನು. ದಕ್ಷಿಣದಲ್ಲಿ ಹೊಯ್ಸಳ ಮೂರನೆಯ ಬಲ್ಲಾಳ, ಪೂರ್ವದಲ್ಲಿ ಓರುಗಲ್ಲಿನ ಕಾಕತೀಯ ಪ್ರತಾಪರುದ್ರ, ಉತ್ತರದಲ್ಲಿ ದೆಹಲಿಯ ಸುಲ್ತಾನ ಹೀಗೆ ಮೂರು ದಿಕ್ಕಿಗೂ ದೊಡ್ಡ ಶಕ್ತಿಗಳಿದ್ದ ಕಾಲದಲ್ಲಿ ಇಂಥ ಸಣ್ಣ ರಾಜ್ಯ ಬಹುಕಾಲ ಬಾಳುವುದು ಕಷ್ಟವಿತ್ತು. ಮುಹಮ್ಮದ್ ಬಿನ್ ತುಘಲಕನ ವಿರುದ್ಧ ದಂಗೆಯೆದ್ದು ಸೋತ ಅವನದೇ ನಂಟ ಬಹಾಉದ್ದೀನ್ ಗುರ್ಷಾಸ್ಪನು ಕಂಪಿಲನ ಆಶ್ರಯ ಬೇಡಿದನು. ಕಂಪಿಲನು ಆಶ್ರಯ ಕೊಟ್ಟನು. 1327ರಲ್ಲಿ ದೆಹಲಿಯ ಸೈನ್ಯ ಬಂದು ರಾಜ್ಯವನ್ನು ಅಳಿಸಿಹಾಕಿತು. ಕೆಲವು ವರ್ಷಗಳ ಅನಂತರ ದೆಹಲಿಗೆ ಬಂದ ಮೊರಾಕೊದ ಪ್ರವಾಸಿ ಇಬ್ನ್ ಬತೂತನು ಈ ಘಟನೆಯನ್ನು ಬರೆದಿಟ್ಟಿದ್ದಾನೆ. ಅವನ ಬರವಣಿಗೆಯಂತೆ, ಕೋಟೆ ಉಳಿಯದೆಂದು ಖಚಿತವಾದಾಗ ರಾಜನು ಅತಿಥಿಯನ್ನು ಬೇರೊಬ್ಬ ಅರಸನ ಕಡೆಗೆ ಸಾಗಿಸಿದನು, ಅಂತಃಪುರದ ಸ್ತ್ರೀಯರು ಬೆಂಕಿಗೆ ಬಿದ್ದರು, ರಾಜನು ಕಾದಾಡಿ ಮಡಿದನು, ಅವನ ಗಂಡುಮಕ್ಕಳು ಸೆರೆಯಾಗಿ ಸುಲ್ತಾನನ ಬಳಿಗೆ ಹೋದರು. ಈ ವೃತ್ತಾಂತದಲ್ಲಿ ಕೊಟ್ಟ ಮಾತಿಗಾಗಿ ರಾಜ್ಯವನ್ನೇ ಕಳೆದುಕೊಂಡ ಧೀರನು ತಂದೆ ಎಂಬುದನ್ನು ನೆನಪಿನಲ್ಲಿಡಬೇಕು, ಏಕೆಂದರೆ ಕಾವ್ಯಗಳಲ್ಲಿ ಈ ಲೆಕ್ಕ ತಿರುಗುಮುರುಗಾಗುತ್ತದೆ.

ಕಂಪಿಲನು ಸ್ವತಃ ಎಂಥ ಮಗನಾಗಿದ್ದನು ಎಂಬುದಕ್ಕೆ ಹಂಪಿಯಲ್ಲಿ ಒಂದು ಗಟ್ಟಿಯಾದ ಸಾಕ್ಷಿ ಇದೆ. ವಿರೂಪಾಕ್ಷನ ಗುಡಿಯ ದಕ್ಷಿಣಕ್ಕೆ ಏರುವ ಹೇಮಕೂಟದ ಬಂಡೆಯ ಮೇಲೆ ಮೆಟ್ಟಿಲುಮೆಟ್ಟಿಲಾಗಿ ಏರುವ ಕಲ್ಲಿನ ಶಿಖರಗಳುಳ್ಳ ತ್ರಿಕೂಟ ದೇವಾಲಯಗಳಿವೆ. ತ್ರಿಕೂಟವೆಂದರೆ ಒಂದೇ ಮಂಟಪಕ್ಕೆ ಮೂರು ದಿಕ್ಕಿನಿಂದ ಮೂರು ಗರ್ಭಗುಡಿಗಳು ತೆರೆದುಕೊಳ್ಳುವ ರಚನೆ. ಇವುಗಳಲ್ಲಿ ಒಂದು ವೀರ ಕಂಪಿಲದೇವನು ಕಟ್ಟಿಸಿದ್ದು. ತನ್ನ ತಂದೆ ಮುಮ್ಮಡಿ ಸಿಂಗೆಯ ನಾಯಕ, ತನ್ನ ತಾಯಿ ಮತ್ತು ಪೆರುಮೆಯ ನಾಯಕ ಈ ಮೂವರ ನೆನಪಿಗಾಗಿ ಮೂರು ಲಿಂಗಗಳನ್ನು ಸ್ಥಾಪಿಸಿದನೆಂದು ಅಲ್ಲಿಯ ಶಾಸನ ಹೇಳುತ್ತದೆ. ವಿಜಯನಗರ ಇನ್ನೂ ಹುಟ್ಟದ ಕಾಲದ, ಅಲಂಕಾರ ಕಡಿಮೆಯಿರುವ, ಗೋಡೆಗಳೆಲ್ಲ ಸಪಾಟಾದ ಗುಡಿ ಅದು; ಸೂರ್ಯಾಸ್ತ ನೋಡಲು ಬೆಟ್ಟ ಹತ್ತುವ ಪ್ರವಾಸಿಗರಲ್ಲಿ ಹೆಚ್ಚಿನವರು ಅದರ ಮಗ್ಗುಲಲ್ಲೇ ಕುಳಿತು ಎದ್ದು ಹೋಗುತ್ತಾರೆ. ಹೆತ್ತವರ ಋಣವನ್ನು ಕಲ್ಲಿನಲ್ಲಿ ತೀರಿಸಿದ ಇದೇ ಮಗನನ್ನು ಇನ್ನೂರು ವರ್ಷಗಳ ಅನಂತರದ ಕನ್ನಡ ಕಾವ್ಯವು ಹೆತ್ತ ಮಗನ ಕೊರಳಿಗೆ ಕತ್ತಿ ತಂದ ತಂದೆಯಾಗಿ ಚಿತ್ರಿಸಿತು. ಚರಿತ್ರೆಯ ಕಂಪಿಲನಿಗೆ ಇದರಿಂದ ಅನ್ಯಾಯವಾಗಿರಬಹುದು, ಸಾಹಿತ್ಯಕ್ಕೆ ಲಾಭವಾಗಿದೆ.

ಕುಮಾರರಾಮನ ಕಥೆಯನ್ನು ಹೇಳುವ ಮುಖ್ಯ ಕಾವ್ಯಗಳು ಸಾಂಗತ್ಯದಲ್ಲಿವೆ. ಸಾಂಗತ್ಯವೆಂದರೆ ನಾಲ್ಕು ಸಾಲಿನ, ಹಾಡಲು ಸಲೀಸಾದ ದೇಸಿ ಛಂದಸ್ಸು; ಪಂಡಿತರ ಸಭೆಗಿಂತ ಕೇಳುಗರ ಗುಂಪನ್ನು ಕಣ್ಣ ಮುಂದಿಟ್ಟುಕೊಂಡ ಕವಿಗಳು ಇದನ್ನು ಹೆಚ್ಚಾಗಿ ಆರಿಸಿಕೊಂಡರು. 16ನೆಯ ಶತಮಾನದ ನಂಜುಂಡನ 'ರಾಮನಾಥ ಚರಿತೆ' ಇವುಗಳಲ್ಲಿ ಹೆಸರಾದದ್ದು. ಅನಂತರದ ಪಾಂಚಾಳ ಗಂಗನೂ ಇದೇ ಕಥೆಯನ್ನು ಸಾಂಗತ್ಯಕ್ಕೆ ತಂದನು. ಈ ಕವಿಗಳ ಕೈಗೆ ಸೇರುವ ಮೊದಲು ಕಥೆ ಬಾಯಿಂದ ಬಾಯಿಗೆ ಹರಿದು ಬಂದಿತ್ತೆಂಬುದಕ್ಕೆ ಕಾವ್ಯಗಳ ಒಳಗೇ ಗುರುತುಗಳಿವೆ. ಪಾತ್ರಗಳ ಹೆಸರುಗಳು ಒಂದು ರೂಪದಿಂದ ಇನ್ನೊಂದು ರೂಪಕ್ಕೆ ಸ್ವಲ್ಪ ಬದಲಾಗುತ್ತವೆ, ಯುದ್ಧಗಳ ಸಂಖ್ಯೆ ಬೆಳೆಯುತ್ತದೆ, ಆದರೆ ಚೆಂಡು, ಚಿಕ್ಕರಾಣಿ, ಆಜ್ಞೆ, ನೆಲಮನೆ ಮತ್ತು ಮರಳಿ ಬರುವ ರಾಮ ಎಂಬ ಎಲುಬುಗೂಡು ಮಾತ್ರ ಕದಲುವುದಿಲ್ಲ. 1929ರಲ್ಲಿ ಎನ್. ವೆಂಕಟರಮಣಯ್ಯನವರು ಕಂಪಿಲಿ ಮತ್ತು ವಿಜಯನಗರಗಳ ಸಂಬಂಧವನ್ನು ಕುರಿತ ತಮ್ಮ ಪುಸ್ತಕದಲ್ಲಿ ಈ ಕಥೆಗಳನ್ನು ಚರಿತ್ರೆಯ ಆಕರಗಳಾಗಿ ತೂಗಿ ನೋಡಿದರು. ಅಂದಿನಿಂದ ವಿದ್ವಾಂಸರ ಗಮನವೆಲ್ಲ ಯಾವುದು ನಿಜ, ಯಾವುದು ಕಲ್ಪನೆ ಎಂಬ ವಿಂಗಡಣೆಯ ಮೇಲೆಯೇ ನಿಂತಿತು. ಮನೆಯೊಳಗಿನ ಜಗಳವಾಗಿ, ತಂದೆಮಕ್ಕಳ ಕಥೆಯಾಗಿ ಇದನ್ನು ಓದುವ ಕೆಲಸ ಹಿಂದೆ ಬಿದ್ದಿತು.

ಕಥೆಯ ಮೊದಲ ಭಾಗದಲ್ಲಿಯೇ ತಂದೆಗೂ ಮಗನಿಗೂ ಅಳತೆ ಹೊಂದುವುದಿಲ್ಲ ಎಂಬುದು ಗೊತ್ತಾಗುತ್ತದೆ. ರಾಮನಿಗೆ ಓರುಗಲ್ಲಿನ ಪ್ರತಾಪರುದ್ರನ ಬಳಿಯಿದ್ದ ಬೊಲ್ಲ ಎಂಬ ಕುದುರೆಯೇ ಬೇಕು. ಅಕ್ಕಪಕ್ಕದ ಬಲಾಢ್ಯರ ಮನಸ್ಸು ಕೆಡದಂತೆ ರಾಜ್ಯ ನಡೆಸುವುದು ತಂದೆಯ ಕೆಲಸ. ಬಲಾಢ್ಯನ ಕೊಟ್ಟಿಗೆಯ ಕುದುರೆಯನ್ನೇ ಬಯಸುವುದು ಮಗನ ವಯಸ್ಸು. ಅವನ ಸುತ್ತ ಕಾಟಣ್ಣ, ಕೊಲ್ಲಿನಾಗ ಮೊದಲಾದ ಜೊತೆಗಾರರ ಪಡೆಯೊಂದು ಕಟ್ಟಿಕೊಳ್ಳುತ್ತದೆ, ಮತ್ತು ಅರಮನೆಯ ಹೊರಗೆ ಮಗನಿಗೆ ಬೇರೊಂದು ಮನೆತನವೇ ಹುಟ್ಟುತ್ತದೆ. ರಕ್ತಕ್ಕಿಂತ ಒಡನಾಟದಿಂದ ಹುಟ್ಟಿದ ಈ ಬಳಗವನ್ನು ಕವಿಗಳು ಬಹಳ ಪ್ರೀತಿಯಿಂದ ವರ್ಣಿಸಿದ್ದಾರೆ, ಮತ್ತು ಮುಂದೆ ತಂದೆ ಕೈಬಿಟ್ಟಾಗ ಮಗನನ್ನು ಉಳಿಸಿಕೊಳ್ಳುವುದು ಇದೇ ಬಳಗ.

ದುರಂತ ಆರಂಭವಾಗುವುದು ಒಂದು ಚೆಂಡಿನಿಂದ. ಕಂಪಿಲರಾಯನು ಬೇಟೆಗೆ ಹೋದಾಗ ರಾಮನು ಜೊತೆಗಾರರೊಡನೆ ಚೆಂಡಾಟದಲ್ಲಿ ತೊಡಗುತ್ತಾನೆ. ಚೆಂಡು ಹಾರಿ ಚಿಕ್ಕರಾಣಿ ರತ್ನಾಜಿಯ ಅರಮನೆಗೆ ಬೀಳುತ್ತದೆ. ಅದನ್ನು ತರಲು ಅವನೇ ಒಳಗೆ ಹೋಗುತ್ತಾನೆ. ರತ್ನಾಜಿ ಅವನನ್ನು ಬಯಸಿ ತಡೆಯುತ್ತಾಳೆ, ಅವನು ತಾಯಿಯೆಂದು ಕರೆದು ಕೊಸರಿಕೊಂಡು ಬರುತ್ತಾನೆ, ಬೇಟೆಯಿಂದ ಮರಳಿದ ರಾಜನ ಮುಂದೆ ಅವಳು ಆರೋಪವನ್ನು ತಿರುಗಿಸಿ ಹೇಳುತ್ತಾಳೆ. ಪರನಾರೀಸಹೋದರ, ಎಂದರೆ ಪರಸ್ತ್ರೀಯರಿಗೆಲ್ಲ ಒಡಹುಟ್ಟಿದವನಂತೆ ನಡೆದುಕೊಳ್ಳುವವನು, ಎಂಬ ಬಿರುದನ್ನು ಹೊತ್ತ ವೀರನಿಗೆ ಇದಕ್ಕಿಂತ ಕೀಳಾದ ಆರೋಪ ಇನ್ನೊಂದಿರಲಾರದು. ಈ ದೃಶ್ಯದ ಕಟ್ಟೋಣವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮಗನು ತಂದೆಯ ಒಳಮನೆಯ ಹೊಸ್ತಿಲು ದಾಟುವುದು ಆಟದ ವಸ್ತುವೊಂದನ್ನು ತರಲಿಕ್ಕೆ, ಅಂದರೆ ಬಾಲಕನಾಗಿ. ಒಳಗೆ ಅವನನ್ನು ಎದುರುಗೊಳ್ಳುವವಳು ಅವನನ್ನು ಗಂಡಸೆಂದು ಗುರುತಿಸುತ್ತಾಳೆ. ಹೊರಗೆ ಬಂದಾಗ ಅವನು ತಂದೆಯ ಕಣ್ಣಿಗೆ ಎದುರಾಳಿ. ಅವನು ದೊಡ್ಡವನಾಗಿರುವುದನ್ನು ಮೊದಲು ಕಂಡವಳು ರತ್ನಾಜಿ, ಎರಡನೆಯದಾಗಿ ಕಂಡವನು ಕಂಪಿಲ. ಇಬ್ಬರೂ ಕಂಡದ್ದು ತಪ್ಪು ಕಣ್ಣಿನಿಂದ. ಮಗ ಬೆಳೆದದ್ದನ್ನು ಸಂತೋಷದಿಂದ ಗುರುತಿಸಬೇಕಾಗಿದ್ದ ತಂದೆ ಅದನ್ನು ಮತ್ಸರದ ಮೂಲಕ ಗುರುತಿಸುತ್ತಾನೆ ಎಂಬಲ್ಲಿ ಈ ಕಥೆಯ ಕ್ರೌರ್ಯವೆಲ್ಲ ಅಡಗಿದೆ.

ಮಲತಾಯಿಯ ಸುಳ್ಳು ದೂರು, ಅದನ್ನು ನಂಬಿದ ತಂದೆ, ನಿರಪರಾಧಿ ಮಗ ಎಂಬ ಮೂರು ಕೋನಗಳ ಈ ಕಥೆ ಲೋಕದ ಅನೇಕ ಸಾಹಿತ್ಯಗಳಲ್ಲಿದೆ. ಕ್ರಿಸ್ತಪೂರ್ವ 428ರಲ್ಲಿ ಅಥೆನ್ಸಿನ ರಂಗಕ್ಕೆ ಬಂದ ಯೂರಿಪಿಡೀಸನ 'ಹಿಪ್ಪೊಲಿಟಸ್' ನಾಟಕದಲ್ಲಿ ಥೀಸಿಯಸನು ಹೆಂಡತಿ ಫೇದ್ರಾಳ ಆರೋಪವನ್ನು ನಂಬಿ ಮಗನನ್ನು ಶಪಿಸುತ್ತಾನೆ. ಬೌದ್ಧ ಕಥೆಗಳಲ್ಲಿ ಅಶೋಕನ ಮಗ ಕುಣಾಲನು ತಿಷ್ಯರಕ್ಷಿತೆಯ ಸಂಚಿನಿಂದ ಕಣ್ಣು ಕಳೆದುಕೊಳ್ಳುತ್ತಾನೆ. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿಯೂ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳಲ್ಲಿಯೂ ಅಶೋಕನ ಶಾಸನಗಳನ್ನು ಕಂಡ ಈ ಸೀಮೆಯ ಜನಕ್ಕೆ ಆ ಚಕ್ರವರ್ತಿ ಧರ್ಮಬೋಧಕನಾಗಿಯೇ ಪರಿಚಿತ, ಮೋಸಹೋದ ತಂದೆಯಾಗಿ ಅಲ್ಲ. ಕುಮಾರರಾಮನ ಕಥೆಗೆ ಎಲ್ಲಕ್ಕಿಂತ ಹತ್ತಿರದ ನೆಂಟಸ್ತಿಕೆ ಇರುವುದು ಆಂಧ್ರದ ಸಾರಂಗಧರನ ಕಥೆಗೆ. ರಾಜಮಹೇಂದ್ರವರದ ರಾಜರಾಜನರೇಂದ್ರನು ಮಗನಿಗೆಂದು ನೋಡಿದ ಚಿತ್ರಾಂಗಿಯನ್ನು ತಾನೇ ಮದುವೆಯಾಗುತ್ತಾನೆ. ಸಾರಂಗಧರನ ಪಾರಿವಾಳ ಹಾರಿ ಅವಳ ಮಹಲಿನ ಮೇಲೆ ಕೂರುತ್ತದೆ. ಅದನ್ನು ಹಿಡಿಯಲು ಹೋದ ಮಗನಿಗೆ ಕೈಕಾಲು ಕತ್ತರಿಸುವ ಶಿಕ್ಷೆಯಾಗುತ್ತದೆ. ಅಲ್ಲಿ ಪಾರಿವಾಳ, ಇಲ್ಲಿ ಚೆಂಡು, ಉಳಿದದ್ದೆಲ್ಲ ಒಂದೇ ಜಾಡು.

ಸಾರಂಗಧರನ ಕಥೆ ಆಧುನಿಕ ರಂಗಭೂಮಿಗೆ ಬಂದದ್ದು ಬಳ್ಳಾರಿಯಿಂದ ಎಂಬುದು ಈ ಭಾಗದವರು ಮರೆತಿರುವ ಸಂಗತಿ. ಬಳ್ಳಾರಿಯಲ್ಲಿ ವಕೀಲಿ ಮಾಡುತ್ತ ತೆಲುಗಿನಲ್ಲಿ ನಾಟಕಗಳನ್ನು ಬರೆದು ಆಡಿಸಿದ ಧರ್ಮವರಂ ರಾಮಕೃಷ್ಣಾಚಾರ್ಯರ 'ವಿಷಾದ ಸಾರಂಗಧರ' ತೆಲುಗಿನ ಮೊದಲ ದುರಂತ ನಾಟಕವೆಂದು ಹೆಸರಾಯಿತು. ಅವರದೇ ಪ್ರಹ್ಲಾದ ನಾಟಕ 1932ರಲ್ಲಿ ತೆಲುಗಿನ ಮೊದಲ ವಾಕ್ಚಿತ್ರಕ್ಕೆ ಆಧಾರವಾಯಿತು. ಒಬ್ಬನೇ ನಾಟಕಕಾರ ಕಠೋರ ತಂದೆಯ ಎರಡು ಕಥೆಗಳನ್ನು ಆರಿಸಿಕೊಂಡದ್ದು, ಅದೂ ಕಂಪಿಲನ ಸೀಮೆಯಲ್ಲಿ ಕುಳಿತು ಆರಿಸಿಕೊಂಡದ್ದು, ಆಕಸ್ಮಿಕವೇ ಇರಬಹುದು. ಆದರೂ ದುರಂತವೆಂಬ ಪ್ರಕಾರವನ್ನು ಮೊದಲ ಸಲ ಕೈಗೆತ್ತಿಕೊಂಡವನಿಗೆ ದೈವದ ಕೋಪಕ್ಕಿಂತ ತಂದೆಯ ಕೋಪವೇ ತಕ್ಕ ವಸ್ತುವೆನಿಸಿತು ಎಂಬುದರಲ್ಲಿ ವಿಚಾರ ಮಾಡಬೇಕಾದದ್ದಿದೆ.

ಸಾರಂಗಧರನ ಕಥೆಗೂ ಕುಮಾರರಾಮನ ಕಥೆಗೂ ಇರುವ ಭೇದ ಆಜ್ಞೆಯ ಅನಂತರ ಕಾಣಿಸುತ್ತದೆ. ಸಾರಂಗಧರನ ಕೈಕಾಲುಗಳನ್ನು ಮರಳಿ ಕೊಡುವವನು ಸಿದ್ಧಪುರುಷ. ಹಿಪ್ಪೊಲಿಟಸನ ನಿರ್ದೋಷವನ್ನು ಸಾರುವವಳು ದೇವತೆ. ಕನ್ನಡದ ಕಥೆಯಲ್ಲಿ ದೇವರೂ ಇಲ್ಲ, ಸಿದ್ಧರೂ ಇಲ್ಲ. ಇರುವವನು ಮಂತ್ರಿ ಬೈಚಪ್ಪ. ರಾಜಾಜ್ಞೆಯನ್ನು ಕೇಳಿದ ಬೈಚಪ್ಪನು ವಾದಕ್ಕೆ ನಿಲ್ಲದೆ, ರಾಮನನ್ನೂ ಅವನ ಜೊತೆಗಾರರನ್ನೂ ನೆಲಮನೆಯಲ್ಲಿ, ಅಂದರೆ ನೆಲದಡಿಯಲ್ಲಿ ಕಟ್ಟಿದ ಗುಪ್ತ ಕೋಣೆಯಲ್ಲಿ, ಅಡಗಿಸಿಟ್ಟು ರಾಜನಿಗೆ ಬೇರೆ ತಲೆಗಳನ್ನು ತೋರಿಸುತ್ತಾನೆ. ಆ ತಲೆಗಳನ್ನು ಕೊಟ್ಟವರ ಮನೆಯ ಗೋಳಿನ ಮುಂದೆ ಕಾವ್ಯಗಳು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅರಸುಮಗನ ಪ್ರಾಣ ಉಳಿದರೆ ಸಾಕೆಂಬ ಕಾಲದ ಕವಿಗಳಿಂದ ಅದನ್ನು ನಿರೀಕ್ಷಿಸುವಂತೆಯೂ ಇಲ್ಲ. ಆದರೆ ಬೈಚಪ್ಪನ ಪಾತ್ರವನ್ನು ಸೃಷ್ಟಿಸಿದ ಪ್ರತಿಭೆ ಸಾಮಾನ್ಯದ್ದಲ್ಲ. ತಂದೆ ಮಾಡಬೇಕಾಗಿದ್ದ ಎರಡು ಕೆಲಸಗಳನ್ನು, ಮಗನನ್ನು ನಂಬುವುದು ಮತ್ತು ಕಾಯುವುದು, ಈ ಮುದಿ ಮಂತ್ರಿ ಮಾಡುತ್ತಾನೆ. ಹೆತ್ತವನ ಜಾಗಕ್ಕೆ ಇನ್ನೊಬ್ಬ ಹಿರಿಯ ಬಂದು ನಿಲ್ಲುವ ಈ ಏರ್ಪಾಡು ಭಾರತೀಯ ಸಾಹಿತ್ಯದಲ್ಲಿ ಹಳೆಯದು. 'ಐತರೇಯ ಬ್ರಾಹ್ಮಣ'ದಲ್ಲಿ ಅಜೀಗರ್ತನು ಹಸುಗಳ ಆಸೆಗೆ ಮಗ ಶುನಃಶೇಪನನ್ನು ಯಜ್ಞಪಶುವಾಗಿ ಮಾರಿ, ಕೊನೆಗೆ ತಾನೇ ಕತ್ತಿ ಹಿಡಿಯಲೂ ಒಪ್ಪುತ್ತಾನೆ. ಬದುಕಿ ಉಳಿದ ಶುನಃಶೇಪನು ಹೆತ್ತ ತಂದೆಯನ್ನು ಬಾಯಿಬಿಟ್ಟು ನಿರಾಕರಿಸಿ ವಿಶ್ವಾಮಿತ್ರನ ಮಗನಾಗುತ್ತಾನೆ. ಕುಮಾರರಾಮನು ಬಾಯಿಬಿಟ್ಟು ಏನನ್ನೂ ನಿರಾಕರಿಸುವುದಿಲ್ಲ. ನಿರಾಕರಣೆಯನ್ನು ಕಥೆಯೇ ಅವನ ಪರವಾಗಿ ಮಾಡುತ್ತದೆ.

ನೆಲಮನೆಯ ಕಾಲ ಕಥೆಯ ನಿಜವಾದ ತಿರುವು. ಲೋಕದ ಪಾಲಿಗೆ ರಾಮ ಸತ್ತಿದ್ದಾನೆ. ತಂದೆಯ ಪಾಲಿಗೂ ಸತ್ತಿದ್ದಾನೆ. ಯುವರಾಜ ಪದವಿ, ತಂದೆಯ ಮೆಚ್ಚಿಕೆ, ವಾರಸಿಕೆ ಎಲ್ಲವೂ ಅಲ್ಲಿಗೆ ತೀರಿದವು. ದೆಹಲಿಯ ಸೈನ್ಯ ಬಂದು ಕೋಟೆಯನ್ನು ಮುತ್ತಿದಾಗ ಕಂಪಿಲನು ಮಗನನ್ನು ನೆನೆದು ಗೋಳಾಡುತ್ತಾನೆ, ಬೈಚಪ್ಪನು ಗುಟ್ಟು ಬಿಡುತ್ತಾನೆ, ರಾಮನು ಹೊರಬಂದು ಶತ್ರುಗಳನ್ನು ಹಿಮ್ಮೆಟ್ಟಿಸುತ್ತಾನೆ. ಮೇಲುನೋಟಕ್ಕೆ ಇದು ತಂದೆಮಕ್ಕಳು ಮತ್ತೆ ಒಂದಾದ ಕಥೆ. ಆದರೆ ತಂದೆ ಕೊಟ್ಟ ಬದುಕು ಆಜ್ಞೆಯ ದಿನವೇ ಮುಗಿದಿತ್ತು, ಈಗಿನದು ಬೈಚಪ್ಪ ಕೊಟ್ಟದ್ದು. ಹೊರಗೆ ಬಂದ ರಾಮ ಯಾರಿಗಾಗಿ ಹೋರಾಡುತ್ತಾನೆ ಎಂಬ ಪ್ರಶ್ನೆಗೆ ತಂದೆಗಾಗಿ ಎಂಬ ಉತ್ತರ ಇನ್ನು ಸಲ್ಲುವುದಿಲ್ಲ. ಅವನು ನಾಡಿಗಾಗಿ, ಜೊತೆಗಾರರಿಗಾಗಿ, ತನ್ನ ಬಿರುದಿಗಾಗಿ ಹೋರಾಡುತ್ತಾನೆ. ಕೊನೆಯ ಯುದ್ಧದಲ್ಲಿ ದೆಹಲಿ ಕಳಿಸಿದ ಮಾತಂಗಿ ಎಂಬ ಸೇನಾನಾಯಕಿಯ ಪಡೆಯ ಮುಂದೆ ಅವನು ಮಡಿದಾಗ, ತಂದೆಯ ಆಜ್ಞೆಯಿಂದ ಪಾರಾಗಿ ಉಳಿದಿದ್ದ ತಲೆ ಶತ್ರುವಿನ ಕೈಸೇರಿ ದೆಹಲಿಗೆ ಹೋಗುತ್ತದೆ.

ಎ. ಕೆ. ರಾಮಾನುಜನ್ ಅವರು ಭಾರತದ ಈಡಿಪಸ್ ಕುರಿತ ತಮ್ಮ ಪ್ರಬಂಧದಲ್ಲಿ, ಗ್ರೀಕ್ ಕಥೆಯಲ್ಲಿ ಮಗ ತಂದೆಯನ್ನು ಕೊಲ್ಲುವುದಾದರೆ ಭಾರತದ ಕಥೆಗಳಲ್ಲಿ ತಂದೆಯ ಆಕ್ರಮಣವೇ ಮಗನ ಮೇಲೆ ನಡೆಯುತ್ತದೆ, ಮಗ ತನ್ನ ಯೌವನವನ್ನೋ ಬಾಳನ್ನೋ ಒಪ್ಪಿಸಿ ಶರಣಾಗುತ್ತಾನೆ ಎಂದು ತೋರಿಸಿದರು. ಯಯಾತಿಗೆ ಯೌವನ ಕೊಟ್ಟ ಪೂರು, ಶಂತನುವಿಗಾಗಿ ಮದುವೆಯನ್ನೇ ಬಿಟ್ಟ ಭೀಷ್ಮ ಅಲ್ಲಿಯ ಉದಾಹರಣೆಗಳು. ಕುಮಾರರಾಮನ ಕಥೆಯ ಮೊದಲರ್ಧ ಈ ವಿವರಣೆಗೆ ಪೂರ್ತಿ ಹೊಂದುತ್ತದೆ, ಎರಡನೆಯ ಅರ್ಧ ಹೊಂದುವುದಿಲ್ಲ. ಪೂರುವೂ ಭೀಷ್ಮನೂ ಶರಣಾಗಿ ತಂದೆಯ ಮನೆಯಲ್ಲೇ ಉಳಿದರು. ರಾಮನು ಶರಣಾಗಿ ಆ ಮನೆಯ ಹೊರಗಿನವನಾದನು. ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಯಯಾತಿಯ ಕಥೆಯಲ್ಲಿ ತಂದೆಗೆ ಆಗುವುದಿಲ್ಲವೆಂದು ಹೇಳಿ ಪಟ್ಟ ಕಳೆದುಕೊಂಡ ಹಿರಿಯ ಮಗ ಯದು. ಕಂಪಿಲನ ಮನೆತನ ಅಧೀನವಾಗಿದ್ದ ಸೇವುಣರು ತಾವು ಯದುವಂಶದವರೆಂದು ಹೇಳಿಕೊಂಡರು. ಕಂಪಿಲನೊಡನೆ ಕಾದಾಡಿದ ಹೊಯ್ಸಳರೂ ಹಾಗೆಯೇ ಹೇಳಿಕೊಂಡರು. ಕಂಪಿಲಿ ಅಳಿದು ಹತ್ತು ವರ್ಷ ಕಳೆಯುವ ಮೊದಲೇ ಹಂಪಿಯಲ್ಲಿ ತಲೆಯೆತ್ತಿದ ಸಂಗಮ ವಂಶದವರೂ ಯದುವನ್ನೇ ಮೂಲಪುರುಷನೆಂದರು. ಪುರಾಣವು ವಿಧೇಯ ಮಗನನ್ನು ಹೊಗಳಿತು, ಈ ನೆಲದ ಅರಸರು ವಂಶ ಹೇಳಿಕೊಳ್ಳುವಾಗ ಅವಿಧೇಯನನ್ನು ಆರಿಸಿಕೊಂಡರು.

ಈಗ ತಿರುಗುಮುರುಗಾದ ಲೆಕ್ಕಕ್ಕೆ ಬರಬಹುದು. ಇಬ್ನ್ ಬತೂತನ ಬರಹದಲ್ಲಿ ಆಶ್ರಯ ಕೊಟ್ಟು ಮಾತು ಉಳಿಸಿಕೊಂಡವನು ಕಂಪಿಲ. ಸೆರೆಯಾಗಿ ಹೋದವರು ಅವನ ಮಕ್ಕಳು. ಕಾವ್ಯಗಳಲ್ಲಿ ದೆಹಲಿಯಿಂದ ಓಡಿಬಂದ ಬಹದ್ದೂರನಿಗೆ, ಅಂದರೆ ಚರಿತ್ರೆಯ ಗುರ್ಷಾಸ್ಪನಿಗೆ, ಅಭಯ ಕೊಟ್ಟ ಕೀರ್ತಿ ರಾಮನ ಪಾಲಿಗೆ ಬರುತ್ತದೆ, ತಂದೆಯ ಪಾಲಿಗೆ ಹೆಣ್ಣಿನ ಮೋಹ, ದುಡುಕು ಮತ್ತು ಗೋಳಾಟ ಉಳಿಯುತ್ತವೆ. ತಂದೆಯ ಒಳ್ಳೆಯ ಗುಣವನ್ನೆಲ್ಲ ತೆಗೆದು ಮಗನಿಗೆ ಕೊಟ್ಟು, ಆಮೇಲೆ ಆ ಮಗನನ್ನು ತಂದೆಯಿಂದ ಬೇರ್ಪಡಿಸಿದ್ದು ಎರಡು ಶತಮಾನಗಳ ಕಥೆಗಾರರ ಕೈವಾಡ. ಸೋತು ಅಳಿದ ಮನೆತನವೊಂದರ ನೆನಪನ್ನು ಜನ ಉಳಿಸಿಕೊಳ್ಳಬೇಕಾದಾಗ ಅದರಲ್ಲಿ ಕಳಂಕವಿಲ್ಲದ ಒಬ್ಬ ಬೇಕಾಗುತ್ತಾನೆ. ಸೋಲಿಗೆ ಹೊಣೆಯಾಗುವ ಇನ್ನೊಬ್ಬನೂ ಬೇಕಾಗುತ್ತಾನೆ. ಆ ಎರಡನೆಯ ಜಾಗ ಕಂಪಿಲನಿಗೆ ಬಂದಿತು. ಕುಮ್ಮಟದುರ್ಗದ ಸೀಮೆಯಲ್ಲಿಯೂ ಮಲೆನಾಡಿನ ಕೆಲವು ಊರುಗಳಲ್ಲಿಯೂ ಕುಮಾರರಾಮ ದೈವವಾಗಿ ಪೂಜೆಗೊಂಡಿದ್ದಾನೆ, 2006ರಲ್ಲಿ 'ಗಂಡುಗಲಿ ಕುಮಾರರಾಮ' ಎಂಬ ಚಲನಚಿತ್ರದ ನಾಯಕನೂ ಆದನು. ಕಂಪಿಲನ ಹೆಸರು ಉಳಿದದ್ದು ಮುಖ್ಯವಾಗಿ ಅವನು ಆಜ್ಞೆ ಮಾಡಿದ ತಂದೆ ಎಂಬ ಕಾರಣದಿಂದ.

ಹಂಪಿಯ ಸಾಹಿತ್ಯ ಪರಂಪರೆಯಲ್ಲಿಯೇ ಇದರ ಪಕ್ಕದಲ್ಲಿಟ್ಟು ನೋಡಬೇಕಾದ ಎರಡು ಪ್ರಸಂಗಗಳಿವೆ. ಮೊದಲನೆಯದು ಬಸವಣ್ಣನದು. ವಿರೂಪಾಕ್ಷನ ಭಕ್ತನಾಗಿ ಹಂಪಿಯಲ್ಲಿ ನೆಲೆಸಿದ ಹರಿಹರನ ರಗಳೆಯಲ್ಲಿ, ಅಂದರೆ ಸಾಲುಗಳು ಎಡೆಬಿಡದೆ ಓಡುವ ಕಥನ ಛಂದಸ್ಸಿನಲ್ಲಿ ಬರೆದ ಕಾವ್ಯದಲ್ಲಿ, ಬಸವಣ್ಣ ಚಿಕ್ಕಂದಿನಲ್ಲೇ ಹೆತ್ತವರನ್ನು ಕಳೆದುಕೊಂಡು ಮುತ್ತವ್ವೆಯ ಆರೈಕೆಯಲ್ಲಿ ಬೆಳೆಯುತ್ತಾನೆ. ಜನಿವಾರ ಕಿತ್ತೊಗೆದು ಬಾಗೇವಾಡಿ ಬಿಡುವಾಗ ಅವನನ್ನು ತಡೆಯಲು ತಂದೆಯೇ ಇಲ್ಲ. ಪಾಲ್ಕುರಿಕೆ ಸೋಮನಾಥನ ತೆಲುಗು ಪುರಾಣದಲ್ಲಿಯೂ ಅದನ್ನು ಅನುಸರಿಸಿದ ಭೀಮಕವಿಯ 1369ರ ಕನ್ನಡ 'ಬಸವಪುರಾಣ'ದಲ್ಲಿಯೂ ಮಾದರಸನೆಂಬ ತಂದೆ ಉಪನಯನಕ್ಕಾಗಿ ಪಟ್ಟುಹಿಡಿಯುತ್ತ, ಮಗನೊಡನೆ ವಾದಕ್ಕೆ ನಿಲ್ಲುತ್ತಾನೆ. ಹರಿಹರನಿಗೆ ಬಸವಣ್ಣನ ಬಿಡುಗಡೆ ಸಾಕಾಗಿತ್ತು. ಪುರಾಣಕಾರರಿಗೆ ಆ ಬಿಡುಗಡೆ ಯಾರಿಂದ ಎಂಬುದೂ ಕಣ್ಣಿಗೆ ಕಾಣಬೇಕಾಗಿತ್ತು. ಇವುಗಳಲ್ಲಿ ಹರಿಹರನ ಚಿತ್ರವೇ ಹೆಚ್ಚು ದಿಟ್ಟವಾದದ್ದು, ಏಕೆಂದರೆ ಅಲ್ಲಿ ಬಸವಣ್ಣ ಬಿಟ್ಟು ಹೋಗುವುದು ಒಬ್ಬ ಮನುಷ್ಯನನ್ನಲ್ಲ, ಇಡೀ ಕಟ್ಟಳೆಯನ್ನು.

ಎರಡನೆಯದು ಸ್ವತಃ ಹರಿಹರನ ಮನೆಯದು. ಅವನ ಸೋದರಳಿಯನೂ ಶಿಷ್ಯನೂ ಆದ ರಾಘವಾಂಕನು 'ಹರಿಶ್ಚಂದ್ರ ಕಾವ್ಯ' ಬರೆದು ತಂದಾಗ, ಶಿವಶರಣರನ್ನು ಬಿಟ್ಟು ನರನೊಬ್ಬನನ್ನು ಹೊಗಳಿದ್ದಕ್ಕೆ ಕೋಪಗೊಂಡ ಮಾವ ಪಾದುಕೆಯಿಂದ ಹೊಡೆದು ಹಲ್ಲುದುರಿಸಿದನೆಂದೂ, ಅಳಿಯ ಶರಣರ ಕಥೆಗಳನ್ನು ಒಂದೊಂದಾಗಿ ಬರೆದಂತೆ ಹಲ್ಲುಗಳು ಒಂದೊಂದಾಗಿ ಮರಳಿದವೆಂದೂ ಐತಿಹ್ಯವಿದೆ. ಐತಿಹ್ಯವು ಹಿರಿಯನ ಕೋಪವನ್ನು ಸಮರ್ಥಿಸಲು ಹುಟ್ಟಿದ್ದು. ಅಳಿಯನನ್ನು ದಾರಿಗೆ ತಂದು ಶರಣರ ಕವಿಯಾಗಿಸಿ ಅದು ನೆಮ್ಮದಿ ಪಡೆಯುತ್ತದೆ. ಸಾಹಿತ್ಯ ಚರಿತ್ರೆ ಬೇರೆ ಕಥೆ ಹೇಳುತ್ತದೆ. ರಾಘವಾಂಕನು ಮಾವನ ರಗಳೆಯನ್ನು ಬಿಟ್ಟು ಷಟ್ಪದಿಗೆ, ಅಂದರೆ ಆರು ಸಾಲಿನ ಪದ್ಯರೂಪಕ್ಕೆ ಹೋದನು; ಮುಂದಿನ ಶತಮಾನಗಳ ಕಥನಕಾವ್ಯಗಳೆಲ್ಲ ಹೆಚ್ಚಾಗಿ ಅಳಿಯನ ದಾರಿ ಹಿಡಿದವು; ಏಟು ತಂದ ಕಾವ್ಯವೇ ಅವನ ಕೃತಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಓದುಗರನ್ನು ಪಡೆಯಿತು. ಕುಮಾರರಾಮನಿಗೆ ಬೈಚಪ್ಪ ಇದ್ದಂತೆ ರಾಘವಾಂಕನಿಗೆ ಓದುಗರು ಒದಗಿದರು.

ಪ್ರಹ್ಲಾದನ ಕಥೆಯನ್ನು ಇಲ್ಲಿ ಬೆಳೆಸುವ ಅಗತ್ಯವಿಲ್ಲ. ಹಂಪಿಯಲ್ಲಿ 1528ರ ನರಸಿಂಹನ ಏಕಶಿಲಾ ವಿಗ್ರಹವಿದೆ. ಆನೆಗೊಂದಿಯ ನವವೃಂದಾವನದಲ್ಲಿ ವೃಂದಾವನವಿರುವ ಯತಿ ವ್ಯಾಸರಾಯರನ್ನು ಪ್ರಹ್ಲಾದನ ಅವತಾರವೆಂದು ನಂಬುವವರಿದ್ದಾರೆ. ಬಯಲಾಟದ ಮೇಳಗಳಿಗೆ ಹಿರಣ್ಯಕಶಿಪುವಿನ ಆರ್ಭಟ ಇಂದಿಗೂ ಬೇಕು. ಆದರೆ ಅಲ್ಲಿ ತಂದೆಯ ತಪ್ಪನ್ನು ದೇವರು ತೀರ್ಮಾನಿಸಿ ದೇವರೇ ಶಿಕ್ಷಿಸುವುದರಿಂದ ಮಗನು ಮೊದಲಿನಿಂದ ಕೊನೆಯವರೆಗೆ ಒಂದೇ ಆಗಿರುತ್ತಾನೆ. ಅವನಿಗೆ ನಂಬಿಕೆಯಿದೆ, ಬೆಳವಣಿಗೆಯಿಲ್ಲ.

ಬೆಳವಣಿಗೆಯ ಕಥೆ ಮತ್ತೆ ಕೈಗೆ ಸಿಗುವುದು 20ನೆಯ ಶತಮಾನದಲ್ಲಿ. ಕುವೆಂಪು ಅವರ 'ಕಾನೂರು ಹೆಗ್ಗಡಿತಿ'ಯಲ್ಲಿ ಹೂವಯ್ಯ ಮನೆಯ ಯಜಮಾನ ಚಂದ್ರಯ್ಯಗೌಡರ ದರ್ಪದಿಂದ ಬೇರೆಯಾಗಿ ಕೆಳಕಾನೂರಿನಲ್ಲಿ ಒಕ್ಕಲು ಹೂಡುತ್ತಾನೆ. ಶಿವರಾಮ ಕಾರಂತರ 'ಮರಳಿ ಮಣ್ಣಿಗೆ'ಯಲ್ಲಿ ರಾಮನು ಹೊಣೆಗೇಡಿ ತಂದೆ ಲಚ್ಚನ ನೆರಳು ತನ್ನ ಮೇಲೆ ಬೀಳದಂತೆ ಬೆಳೆಯಬೇಕಾಗುತ್ತದೆ. 1961ರಲ್ಲಿ ಪ್ರಕಟವಾದ ಗಿರೀಶ ಕಾರ್ನಾಡರ 'ಯಯಾತಿ' ಈ ಸಾಲಿನಲ್ಲಿ ಬೇರೆಯಾಗಿ ನಿಲ್ಲುತ್ತದೆ. ವಿದೇಶಕ್ಕೆ ಓದಲು ಹೊರಟ ತಮ್ಮನ್ನು ಹಿರಿಯರ ನಿರೀಕ್ಷೆಗಳು ಕಟ್ಟಿಹಾಕಿದ ಹೊತ್ತಿನಲ್ಲಿ ಈ ನಾಟಕ ಹುಟ್ಟಿತೆಂದು ಕಾರ್ನಾಡರೇ ಹೇಳಿಕೊಂಡಿದ್ದಾರೆ. ಅವರು ಮೂಲಕಥೆಗೆ ಪೂರುವಿನ ಹೆಂಡತಿ ಚಿತ್ರಲೇಖೆಯನ್ನು ಸೇರಿಸಿದರು. ತಂದೆಯೂ ಮಗನೂ ಸೇರಿ ಮಾಡಿಕೊಂಡ ತ್ಯಾಗದ ಒಪ್ಪಂದಕ್ಕೆ ಬೆಲೆ ತೆರುವವಳು ಅವಳು. ಅವಳ ಸಾವಿನ ಮುಂದೆಯೇ ಯಯಾತಿ ಯೌವನವನ್ನು ಮರಳಿಸುತ್ತಾನೆ. ತಂದೆಮಕ್ಕಳ ನಡುವಿನ ವ್ಯವಹಾರದಲ್ಲಿ ಹೆಣ್ಣಿನ ಪಾಲೇನು ಎಂಬ ಪ್ರಶ್ನೆಯನ್ನು ಕಾರ್ನಾಡರು ಹೀಗೆ ರಂಗದ ನಡುವೆ ತಂದು ನಿಲ್ಲಿಸಿದರು.

ಆ ಪ್ರಶ್ನೆಯನ್ನು ಹಿಡಿದು ಸಾಂಗತ್ಯಗಳ ಕಡೆಗೆ ತಿರುಗಿದರೆ ಅವುಗಳ ದೊಡ್ಡ ಕೊರತೆ ಕಾಣುತ್ತದೆ. ರತ್ನಾಜಿಯ ತಪ್ಪನ್ನು ಕವಿಗಳು ವಿಸ್ತಾರವಾಗಿ ವರ್ಣಿಸುತ್ತಾರೆ, ಅವಳು ಕೊನೆಗೆ ತಾನೇ ಪ್ರಾಣ ಕಳೆದುಕೊಳ್ಳುತ್ತಾಳೆ, ಅಲ್ಲಿಗೆ ನ್ಯಾಯ ಮುಗಿಯಿತೆಂದು ಕಾವ್ಯ ಮುಂದಿನ ಯುದ್ಧಕ್ಕೆ ನಡೆಯುತ್ತದೆ. ಆದರೆ ಸಾಕ್ಷಿ ಕೇಳದೆ, ಮಗನನ್ನು ಕರೆಸಿ ಮಾತಾಡಿಸದೆ, ಒಬ್ಬಳ ಮಾತಿನ ಮೇಲೆ ತಲೆ ತೆಗೆಯಲು ಹೇಳಿದವನು ಕಂಪಿಲ. ದೂರು ಹೇಳಿದವಳಿಗೆ ಸಾವು, ಆಜ್ಞೆ ಮಾಡಿದವನಿಗೆ ಬರೀ ಕಣ್ಣೀರು ಎಂಬ ತೀರ್ಪು ಸರಿಯಾದದ್ದಲ್ಲ. ತಂದೆಯ ಕಠೋರತೆಯನ್ನು ಹೆಣ್ಣಿನ ಮೋಸಕ್ಕೆ ಕಟ್ಟಿ, ತಂದೆಯನ್ನು ಮೋಸಹೋದ ಮುದುಕನನ್ನಾಗಿ ಮಾಡಿದ್ದರಿಂದ ಮಗನು ಅವನನ್ನು ಕ್ಷಮಿಸುವುದು ಸುಲಭವಾಯಿತು. ಕೇಳಬೇಕಾಗಿದ್ದ ಮಾತು ಕೇಳದೆ ಉಳಿಯಿತು. ನೆಲಮನೆಯಿಂದ ಬಂದ ರಾಮನು ರಣರಂಗಕ್ಕೆ ಹೋಗುವ ಮೊದಲು ತಂದೆಯನ್ನು ಒಂದೇ ಒಂದು ಪ್ರಶ್ನೆ ಕೇಳಿದ್ದರೂ ಈ ಕಾವ್ಯಗಳು ಯೂರಿಪಿಡೀಸನ ನಾಟಕದ ಪಕ್ಕದಲ್ಲಿ ನಿಲ್ಲಬಹುದಾಗಿತ್ತು.

ಹೊಸಪೇಟೆ, ಸಂಡೂರು, ಕಂಪ್ಲಿಗಳಲ್ಲಿ ಬಯಲಾಟ ಬರೆದು ಆಡಿಸುವ ಕವಿಗಳೂ ಭಾಗವತರೂ ಇನ್ನೂ ಇದ್ದಾರೆ. ಕನ್ನಡ ವಿಶ್ವವಿದ್ಯಾಲಯವೂ ಇದೇ ನೆಲದಲ್ಲಿದೆ. ಕುಮಾರರಾಮನ ಕಥೆಯನ್ನು ಹೊಸದಾಗಿ ರಂಗಕ್ಕೆ ತರುವವರು ಅದರ ಯುದ್ಧಗಳಲ್ಲಿ ಒಂದೆರಡನ್ನು ಕಡಿಮೆ ಮಾಡಿಯಾದರೂ ಆ ಪ್ರಶ್ನೆಯ ದೃಶ್ಯವನ್ನು ಬರೆಯಬೇಕು, ಮತ್ತು ಅದಕ್ಕೆ ಕಂಪಿಲನಿಂದಲೇ ಉತ್ತರ ಹೇಳಿಸಬೇಕು.